ಕಿಡ್ನಿ ಡಾಕ್ಟರ ಮುಂದೆ ಬಂದ ನಗು

"ಸಿಗರೇಟು ಸೇದುತ್ತಿದ್ದಿರಾ?" ಎಂದು ಡಾಕ್ಟರ್ ಕೇಳಿದರು.

"ಇಲ್ಲ ಸಾರ್. ಕಾಲೇಜಲ್ಲಿ ಒಂದೋ ಎರಡೋ, ಅಷ್ಟೇ," ಎಂದ ಅಪ್ಪ.

ಅಕ್ಷರಾಳಿಗೆ ನಗು ಒತ್ತರಿಸಿ ಬಂತು. ಅವಳು ತುಟಿ ಕಚ್ಚಿಕೊಂಡು ಗೋಡೆಯ ಮೇಲಿದ್ದ ಕಿಡ್ನಿಯ ಚಿತ್ರ ನೋಡಿದಳು. ಅದು ನೆನೆಸಿಟ್ಟ ಅವರೆಕಾಳಿನ ಹಾಗೆ ಕಂಡಿತು. ಅಷ್ಟೇ ಸಾಕಾಯಿತು. ಕಿಸಕ್ಕನೆ ನಗು ಹೊರಗೆ ಹಾರಿತು.

ಅವಳ ತೊಂದರೆಯೇ ಅದು. ಯಾರಾದರೂ ಸುಳ್ಳು ಹೇಳಿದರೆ ಅವಳಿಗೆ ನಗು ಬಂದುಬಿಡುತ್ತಿತ್ತು. ಕ್ಲಾಸಿನಲ್ಲಿ ರಾಜ್‌ಕುಮಾರ್ "ಹೋಂವರ್ಕ್ ಬುಕ್ಕನ್ನ ಆಡು ತಿಂದ್ಬಿಡ್ತು ಮಿಸ್" ಎಂದಾಗ, ಅವನ ಮನೆಯಲ್ಲಿ ಆಡೇ ಇಲ್ಲವೆಂದು ಗೊತ್ತಿದ್ದ ಅಕ್ಷರಾ ನಕ್ಕು ನಕ್ಕು ಬೆಂಚಿನಿಂದ ಜಾರಿಬಿದ್ದಿದ್ದಳು. ಮಿಸ್ ಇಬ್ಬರನ್ನೂ ಹೊರಗೆ ನಿಲ್ಲಿಸಿದ್ದರು.

ಆದರೆ ಇದು ಕ್ಲಾಸಲ್ಲ. ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂಗಾರಪೇಟೆಗೆ ಬರುವ ಕಿಡ್ನಿ ಡಾಕ್ಟರ ಕ್ಲಿನಿಕ್. ಪಕ್ಕದಲ್ಲಿ ಕಲಾ ಅತ್ತೆ ಕೂತಿದ್ದಳು. ಅವಳು ಅಪ್ಪನ ತಂಗಿ. ಅವಳ ಎರಡು ಕಿಡ್ನಿಗಳಲ್ಲಿ ಒಂದು ಹೋದ ವರ್ಷದಿಂದ ಅಪ್ಪನ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿತ್ತು. ಈ ಸಲದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಅದು ಏರಿದರೆ ಕಿಡ್ನಿಗೆ ಸುಸ್ತಾಗಿದೆ ಎಂದು ಅರ್ಥ.

"ಯಾಕಮ್ಮ ನಗ್ತಿದೀಯಾ?" ಡಾಕ್ಟರ್ ಕೇಳಿದರು.

"ಸುಮ್ನೆ ಸಾರ್," ಎಂದಳು ಅಕ್ಷರಾ. ಅದೂ ಸುಳ್ಳೇ. ಈಗ ತನ್ನ ಸುಳ್ಳಿಗೇ ಅವಳಿಗೆ ಇನ್ನೊಂದು ನಗು ಬಂತು. ಮೂಗಿನಿಂದ ಸೊರಕ್ಕೆಂದು ಸದ್ದಾಯಿತು. ಅದನ್ನು ಕೇಳಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲು ಹೆಣಗುತ್ತಿದ್ದ ಡಾಕ್ಟರ ಪೆನ್ನೂ ಅಲ್ಲಾಡತೊಡಗಿತು.

ನಗದವನು ಅಪ್ಪ ಒಬ್ಬನೇ. ಮೇಜನ್ನೇ ನೋಡುತ್ತಾ, "ಆಪರೇಷನ್ ತನಕಾನೂ ಸೇದ್ತಿದ್ದೆ ಸಾರ್. ದಿನಾ. ಪ್ಯಾಕೆಟ್ಟುಗಟ್ಲೆ," ಎಂದ.

"ಈಗ?"

"ಈಗ ಒಂದೂ ಇಲ್ಲ ಸಾರ್."

ಡಾಕ್ಟರ್ ಅಕ್ಷರಾಳ ಕಡೆ ತಿರುಗಿದರು. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ಹಾಗಾದ್ರೆ ಇದು ನಿಜ," ಎಂದು ಅವರು ಬರೆದುಕೊಂಡರು.

"ಕಿಡ್ನೀನೇ ಹೊಸ್ದಲ್ವಾ ಸಾರ್? ಅಳೇ ಸಿಗರೇಟ್ ಕತೆ ಯಾಕೆ ಬೇಕು?" ಅಪ್ಪ ಕೇಳಿದ.

"ಕಿಡ್ನಿ ಹೊಸದು. ಅದಕ್ಕೆ ರಕ್ತ ತರೋ ನಾಳಗಳು ಹಳೇವೇ. ಇಷ್ಟು ವರ್ಷದ ಹೊಗೆ ಅವನ್ನ ಗಟ್ಟಿ ಮಾಡಿರುತ್ತೆ. ಹೊಸ ಕಿಡ್ನಿಗೂ ಅದರಿಂದ ಕಷ್ಟ. ನೀವು ಬಿಟ್ಟಿದ್ದು ತುಂಬಾ ಒಳ್ಳೇದು, ಹಾಗೇ ಇರಿ. ಇನ್ಮೇಲೆ ಬಿಪಿ, ಯೂರಿನ್ ಎಲ್ಲಾ ಆಗಾಗ ಟೆಸ್ಟ್ ಮಾಡೋಣ. ಬೈಯೋಕೆ ಕೇಳಿದ್ದಲ್ಲ ರವಿಕಿರಣ್, ನೋಡ್ಕೊಳ್ಳೋಕೆ ಕೇಳಿದ್ದು."

ಹೊರಗೆ ಬಂದ ಮೇಲೆ ಅಪ್ಪ ಯಾರಿಗೂ ಕಾಯದೆ ಸ್ಟೇಷನ್ನಿನ ಕಡೆ ನಡೆದ. ಪಾನಿಪೂರಿ ಗಾಡಿಯನ್ನೂ ತಿರುಗಿ ನೋಡದೆ ದಾಟಿದ. ಅಕ್ಷರಾಳ ನಗು ಎಲ್ಲೋ ಇಂಗಿಹೋಗಿತ್ತು. ಮೂವರೂ ಹತ್ತಿದ ಮಾರಿಕುಪ್ಪಂ ರೈಲು ಹೊರಟಾಗ ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

"ಸಾರಿ ಅಪ್ಪ. ತಡೆಯೋಕಾಗ್ಲಿಲ್ಲ," ಎಂದಳು ಅವಳು.

"ನಿಂದೇನೂ ಇಲ್ಲ ಬುಡಮ್ಮ."

"ಮತ್ಯಾಕಣ್ಣ ಮಕ ಊದಿಸ್ಕೊಂಡಿದೀಯಾ?" ಅತ್ತೆ ಕೇಳಿದಳು.

ಅಪ್ಪ ರಿಪೋರ್ಟಿನ ಕವರನ್ನು ಮಡಚಿದ, ಬಿಚ್ಚಿದ. "ಸಿಗರೇಟಿನ್ ಮಾತೆಲ್ಲ ನಿನ್ ಮುಂದೆ ಏಳಬೇಕಾಯ್ತಲ್ಲ ಕಲಾ. ಇಂಥೋನಿಗ್ಯಾಕೆ ಕೊಟ್ನೋ ಅಂತ ನಿಂಗನ್ಸಲ್ವಾ?"

"ನಂಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ? ನೀನು ನಮ್ ಬೇತಮಂಗಲದಾಗೆ ಬಸ್ಸಿಳಿದ್ರೆ ನಿನ್ಗಿಂತ ಮುಂಚೆ ನಿನ್ ಸಲ್ಟಿನ ಸಿಗರೇಟ್ ವಾಸ್ನೆ ಮನೆಗೆ ಬತ್ತಿತ್ತು."

"ಗೊತ್ತಿದ್ದೂ ಕೊಟ್ಯಾ?"

"ಒಳ್ಳೆ ಉಡುಗ ಅಂತ ಪ್ರೈಜ್ ಕೊಟ್ನಾ ನಾನು? ಅಣ್ಣ ಅಂತ ಕೊಟ್ಟೆ. ಸುಮ್ಕೆ ಕೂತ್ಕೋ."

ಅಪ್ಪ ಬಾಯಿ ತೆರೆದ. ನಗು ಬಂತು. ಅಕ್ಷರಾಳದೇ ನಗು, ಮೂಗಿನ ಸದ್ದಿನ ಸಮೇತ. ಎದುರಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿ ಏನೆಂದು ತಿಳಿಯದೆ ತಾನೂ ನಕ್ಕಳು. ಕೋರಮಂಡಲ್ ಸ್ಟೇಷನ್ ಬಂದು ಹೋಗಿದ್ದೇ ಯಾರಿಗೂ ಗೊತ್ತಾಗಲಿಲ್ಲ.

ನಗು ಇಳಿದ ಮೇಲೆ ಅಕ್ಷರಾ ಅಪ್ಪನನ್ನೇ ನೋಡಿದಳು. ಆಪರೇಷನ್ ಆದಾಗಿನಿಂದ ಅತ್ತೆ ಮನೆಗೆ ಬಂದಾಗಲೆಲ್ಲ ಅಪ್ಪ ಸೈಕಲ್ ಒರೆಸುವುದೋ, ಟ್ಯಾಂಕ್ ನೋಡುವುದೋ ಏನಾದರೊಂದು ನೆಪದಲ್ಲಿ ಹೊರಗೆ ಹೋಗಿಬಿಡುತ್ತಿದ್ದ. ಅವನಿಗೆ ಕೆಲಸ ಜಾಸ್ತಿ ಎಂದೇ ಅವಳು ತಿಳಿದಿದ್ದಳು; ಅತ್ತೆಯ ಮುಖ ನೋಡಲು ಅಳುಕಿ ಹೋಗುತ್ತಿದ್ದನೆಂದು ಈಗ ಹೊಳೆಯಿತು.

ಅವರು ಇಳಿಯಬೇಕಾದ ಉರಿಗಾಂ ಬಂತು. "ಇವತ್ತು ಇಲ್ಲೇ ಇದ್ಬುಡು ಕಲಾ, ನಾಳೆ ಓಗುವಂತೆ," ಎಂದು ಅಪ್ಪ ಅತ್ತೆಯ ಚೀಲ ಹೆಗಲಿಗೆ ಹಾಕಿಕೊಂಡು ಇಳಿದ.

ಇಬ್ಬರೂ ಏನೋ ಮಾತಾಡಿಕೊಂಡು ಮುಂದೆ ನಡೆದರು. ಅಕ್ಷರಾಳ ಚಪ್ಪಲಿಗೆ ಏನೂ ಆಗಿರಲಿಲ್ಲ. ಆದರೂ ಅವಳು ಬಗ್ಗಿ ಅದನ್ನು ಸರಿಮಾಡಿಕೊಳ್ಳುತ್ತಾ, ಅಣ್ಣ ತಂಗಿ ಇಬ್ಬರೇ ಮಾತಾಡಿಕೊಳ್ಳಲೆಂದು ಅವರು ಸ್ವಲ್ಪ ದೂರ ಹೋಗುವವರೆಗೆ ಅಲ್ಲೇ ಕೂತಿದ್ದಳು.