ಆಸ್ಪತ್ರೆಯಲ್ಲೇ ಹತ್ತಿದ ಜ್ವರ

"ಸೊಂಟ ಮುರಕೊಂಡು ಬಂದಾಕಿ ರೀ ನಮ್ಮ ಆಯಿ! ಈಗ ನ್ಯುಮೋನಿಯಾ ಅಂತೀರಿ. ಎಲ್ಲಿಂದ ಬಂತದು?"

ಇಂಡಿ ಪಟ್ಟಣದ ಖಾಸಗಿ ಆಸ್ಪತ್ರೆಯ ವಾರ್ಡೆಲ್ಲ ತಿರುಗಿ ನೋಡಿತು. ಕೂಗಿದವನು ಸಂಜೀವಕುಮಾರ, ಹಲಸಂಗಿಯ ಶಾಲಾ ಮಾಸ್ತರ. ಅವನ ಅಜ್ಜಿ ಲಕ್ಕವ್ವನಿಗೆ ಆಪರೇಷನ್ ಆಗಿ ಆರು ದಿನ. ಜ್ವರ, ಕೆಮ್ಮು, ಏದುಸಿರು.

'ವಯಸ್ಸಾಗೈತಿ, ಅದಕ್ಕ ಬಂತು ಅಂದ್ರ ಮಾತು ಮುಗೀತು...' ನರ್ಸ್ ದಾನೇಶ್ವರಿಗೆ ಅದು ಗೊತ್ತಿತ್ತು. ಆದರೂ ಹಾಗೆ ಅನ್ನಲಿಲ್ಲ.

"ಇಲ್ಲೇ ಹತ್ತೈತ್ರಿ. ಊರಿಂದ ತಂದದ್ದಲ್ಲ."

"ಅಂದ್ರ ನಿಮ್ಮ ತಪ್ಪು!"

"ಅರ್ಧ ನಮ್ದು. ದಿನಾ ಬಾಯಿ ತೊಳಸಬೇಕಿತ್ತು, ಎಬ್ಬಿಸಿ ಕೂಡ್ರಸಬೇಕಿತ್ತು. ಮೂವತ್ತು ಹಾಸಗಿಗೆ ಒಬ್ಬಾಕಿ ನಾನು, ಆಗಲಿಲ್ಲ. ಇನ್ನರ್ಧ ನಿಮ್ದು. ನೋವಾಗತೈತಿ ಅಂತ ಮಲಗಿಸೇ ಅಂಬಲಿ ಕುಡಿಸಿದ್ರಿ. ಅಂಬಲಿ ಜೋಡಿ ಬಾಯಾಗಿನ ಹೊಲಸೂ ಉಸಿರಿನ ದಾರ್ಯಾಗ ಇಳೀತು."

ಅವನ ಮುಖ ಕೆಂಪಾಯಿತು. ತಪ್ಪು ಮಾಡಿ ನನ್ನ ಮೇಲೆ ಹಾಕುತ್ತಾಳಲ್ಲ! ಸಂಜೆಯೊಳಗೆ ಡಾಕ್ಟರ ಮೇಜಿನ ಮೇಲೆ ಅವಳ ಹೆಸರಿನ ದೂರು ಬಿತ್ತು.

ಕೆಲಸ ಹೋಗಬಹುದು ಎಂದುಕೊಂಡೇ ದಾನೇಶ್ವರಿ ಮರುದಿನ ಬಂದಳು. ಲಕ್ಕವ್ವನ ಎದೆಯ ಎಕ್ಸ್-ರೇಯಲ್ಲಿ ಬಲಗಡೆ ಬಿಳಿ ಮಬ್ಬು. ಔಷಧ ಬದಲಿಸುವ ಮುಂಚೆ ಕಫ ಹಿಡಿದು ಪರೀಕ್ಷೆಗೆ ಕಳಿಸಿದಳು. ಮಂಚದ ತಲೆಭಾಗ ಎತ್ತಿದಳು.

"ಬಾಯಿ ತೆಗಿ ಆಯಿ, ಹಲ್ಲು ತಿಕ್ಕೂಣು."

"ಇರೂವು ನಾಕು! ಅವನ್ನ ಯಾರಿಗೆ ತೋರಸ್ಲೆವ್ವಾ?"

"ನನಗ ತೋರಸು."

ಆಮೇಲೆ ಬ್ರಷ್ಷನ್ನು ಸಂಜೀವಕುಮಾರನ ಕೈಗಿಟ್ಟಳು. "ರಾತ್ರಿ ಉಂಡ ಮ್ಯಾಲೆ ನೀವ ತಿಕ್ಕರಿ, ಮಾಸ್ತರ. ದೂರು ಬರಿಯೂ ಕೈ ಐತಲ್ಲ!"

ಅವತ್ತು ರಾತ್ರಿಯಿಂದ ಅವನೇ ತಿಕ್ಕಿದ. ಕೂಡಿಸಿಯೇ ಉಣಿಸಿದ. ಮಂಚದ ಪಕ್ಕದಲ್ಲೇ ದಾನೇಶ್ವರಿಯೊಡನೆ ಊರು-ಮನೆಯ ಮಾತೂ ನಡೆಯಿತು.

ಮೂರನೆಯ ದಿನ ಕಫದ ವರದಿ ಬಂತು. ಡಾಕ್ಟರು ಆ ರೋಗಾಣುವಿಗೆ ನಾಟುವ ಇಂಜೆಕ್ಷನ್ ಒಂದನ್ನೇ ಉಳಿಸಿ, ಬೇರೆ ಔಷಧ ನಿಲ್ಲಿಸಿದರು. ಜ್ವರ ಇಳಿಯಿತು. ಏದುಸಿರಿಗೆಂದು ಹಾಕಿದ್ದ ಆಕ್ಸಿಜನ್ ನಳಿಗೆಯನ್ನೂ ತೆಗೆದರು. ಸಂಜೀವಕುಮಾರ ಡಾಕ್ಟರ ಕೋಣೆಗೆ ಹೋಗಿ ಬಂದ.

"ದೂರು ವಾಪಸ್ ತಗೊಂಡ್ರೇನ್ರಿ?" ದಾನೇಶ್ವರಿ ಕೇಳಿದಳು.

"ಇಲ್ಲ. ನಿಮ್ಮ ಹೆಸರು ಹೊಡದು ಹಾಕಿ, ಮೂವತ್ತು ಹಾಸಗಿಗೆ ಒಬ್ಬಾಕಿ ನರ್ಸ್ ಅಂತ ಬರದೇನಿ. ನನ್ನ ಅಂಬಲೀನೂ ಬರದೇನಿ."

ದಾನೇಶ್ವರಿಗೆ ನಗು ಬಂತು, ಕಣ್ಣೂ ತುಂಬಿತು. 'ಇಂಥ ಮೊಂಡನ ಮ್ಯಾಲೆ ಮನಸ್ಸು ಹೋತಲ್ಲ...'

"ವಯಸ್ಸಿಂದ ಬಂತು ಅಂತ ಸುಳ್ಳು ಹೇಳಿದ್ರ ನಂಬತಿದ್ದೆ," ಎಂದ ಅವನು. "ಯಾಕ ಹೇಳಲಿಲ್ಲ?"

"ನಂಬಿ ಮತ್ತ ಮಲಗಿಸೇ ಕುಡಸ್ತಿದ್ರಿ."

ಅವನು ಬಾಗಿಲ ಕಡೆ ಹೊರಟವನು ತಿರುಗಿ ನಿಂತ.

"ನಾಲತವಾಡದಾಗಿನ ನಿಮ್ಮ ಮನಿಗೆ ಹೆಣ್ಣು ಕೇಳಾಕ ಹಿರ್ಯಾರನ್ನ ಕಳಸಬೇಕಂತೇನಿ... ಬ್ಯಾಡ ಅನ್ನೂದಿದ್ರ ಈಗ ಅನ್ರಿ."

"ಐತವಾರ ಕಳಸ್ರಿ," ಎಂದಳು ಅವಳು. "ಅವತ್ತ ನನಗ ಸೂಟಿ. ನಾನೂ ಮನ್ಯಾಗ ಇರ್ತೇನಿ."