ನಿಂತುಹೋದ ದಿಬ್ಬ

ಕಣಬಂಧಿನಿ ಯಂತ್ರ ಮರಳುದಿಬ್ಬದ ನೆತ್ತಿಯ ಮೇಲೆ ಆಮೆಯ ಹಾಗೆ ತೆವಳುತ್ತಿತ್ತು. ಸದ್ದು ಅಷ್ಟೇನಿಲ್ಲ, ಯಾರೋ ಹಿಟ್ಟು ಸಾಣಿಸಿದಂತೆ ಸಣ್ಣಗೆ ಸರಸರ. ಅದು ಹಾದುಹೋದ ಕಡೆ ಮರಳು ಹಾರುವುದನ್ನು ಬಿಟ್ಟು ಸುಮ್ಮನಾಗುತ್ತಿತ್ತು. ಬೀರ್ ಸೆಲ್ಲಾ ಊರಿಗೆ ಊರೇ ಬಾವಿಯ ಬಳಿ ಗುಂಪುಗೂಡಿ, ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿತ್ತು. ಗಾಳಿ ರಪರಪ ಬೀಸುತ್ತಲೇ ಇದ್ದರೂ ದಿಬ್ಬ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಗಂಡಸರು ಕೇಕೆ ಹಾಕಿದರು. ಝೆನ್ಬು ಎಂಬ ಮುದುಕಿಯೊಬ್ಬಳೇ ಗುಂಪಿನ ಹಿಂದೆ ನಿಂತು, ದೂರದ ಇನ್ನೊಂದು ದಿಬ್ಬವನ್ನು ನೋಡುತ್ತಿದ್ದಳು.

ತಮೆರಾ ದೇಶಕ್ಕೆ ನಾಲ್ಕು ದಿಕ್ಕಿಗೂ ಪರದೇಶ, ಯಾವ ದಿಕ್ಕಿಗೂ ಕಡಲಿಲ್ಲ. ಇದ್ದ ಒಂದು ನದಿ ಯಾವ ಕಾಲದಲ್ಲೋ ಬತ್ತಿ ಬರಿಯ ಹೆಸರಾಗಿ ಉಳಿದಿದೆ. ಅಲ್ಲಿ ಭೂಗೋಳ ಪಾಠ ಹೇಳುವ ಮೇಷ್ಟ್ರ ಪಾಡು ಯಾರಿಗೂ ಬೇಡ. ಹೋದ ವರ್ಷ ದಾರಿ ಎಂದು ಕಲಿಸಿದ್ದು ಈ ವರ್ಷ ದಿಬ್ಬವಾಗಿರುತ್ತದೆ, ದಿಬ್ಬ ಎಂದು ಕಲಿಸಿದ್ದು ಬಯಲಾಗಿರುತ್ತದೆ. ಈಶಾನ್ಯದ ಗಾಳಿ ದಿಬ್ಬದ ಬೆನ್ನಿನ ಮರಳನ್ನು ಎತ್ತಿ ನೆತ್ತಿ ದಾಟಿಸಿ ಮುಂದಕ್ಕೆ ಸುರಿಯುತ್ತದೆ. ಹೀಗೆ ಹಿಂದಿನದು ಮುಂದಕ್ಕೆ ಬಂದು ಬಂದು ಇಡೀ ದಿಬ್ಬವೇ ನಡೆಯುತ್ತದೆ. ದಾರಿಗೆ ಅಡ್ಡ ಸಿಕ್ಕಿದ ಮನೆ, ಬಾವಿ, ಖರ್ಜೂರದ ತೋಟ ಎಲ್ಲವನ್ನೂ ನುಂಗಿ, ವರ್ಷಗಳಾದ ಮೇಲೆ ಹಿಂದಿನಿಂದ ಉಗುಳಿ ಮುಂದೆ ಸಾಗುತ್ತದೆ.

ಈ ನಡಿಗೆಯನ್ನು ನಿಲ್ಲಿಸಿದವಳು ಗದಗ ಸೀಮೆಯ ಭೌತವಿಜ್ಞಾನಿ ನೀಲಾಂಬಿಕಾ ಅಣ್ಣಿಗೇರಿ. ಗಾಳಿಗೆ ಉಜ್ಜಿ ಉಜ್ಜಿ ಮರಳಿನ ಕಣಗಳ ಮೈಯಲ್ಲಿ ವಿದ್ಯುದಂಶ ತುಂಬಿಕೊಳ್ಳುತ್ತದೆ. ಒಂದೇ ಬಗೆಯ ಅಂಶ ಹೊತ್ತ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಅವಳ ಯಂತ್ರ ಅರ್ಧದಷ್ಟು ಕಣಗಳ ಅಂಶವನ್ನು ತಿರುಗುಮುರುಗು ಮಾಡುತ್ತಿತ್ತು. ಆಗ ತಳ್ಳುತ್ತಿದ್ದವೇ ತಬ್ಬಿಕೊಂಡು ದಿಬ್ಬದ ಮೇಲೆ ತೆಳುವಾದ ಚಿಪ್ಪು ಕಟ್ಟುತ್ತಿದ್ದವು. ಇದಕ್ಕೆ ಅವಳು ದಿಬ್ಬಸ್ತಂಭನ ಎಂದು ಹೆಸರಿಟ್ಟಿದ್ದಳು. ಯಂತ್ರದ ಜೊತೆ ಬಂದವಳು ಅಲ್ಲಿಯೇ ಇದ್ದು ಆ ನಾಡಿನ ಮಾತನ್ನೂ ಕಲಿತಿದ್ದಳು. ಅದನ್ನು ನಾವು ನಮ್ಮ ಗದಗದ ಕಡೆಯ ಮಾತಿನಲ್ಲೇ ಕೇಳೋಣ. ಬಿಸಿಲ ನಾಡಿನ ಮಾತಿಗೆ ಬಿಸಿಲ ನಾಡಿನ ಮಾತೇ ಹೊಂದುತ್ತದೆ.

ಝೆನ್ಬು ಗುಂಪನ್ನು ಸರಿಸಿಕೊಂಡು ಅವಳ ಹತ್ತಿರ ಬಂದಳು.

"ಅಕ್ಕಾರ, ಅಲ್ಲೆ ಆ ದೊಡ್ಡ ದಿಬ್ಬದ ನೆತ್ತಿ ಮ್ಯಾಲೂ ಮರಳು ಹಾರವಲ್ದಲ್ರಿ? ಇಷ್ಟು ಗಾಳಿ ಅದ."

"ಹಾರೂದಿಲ್ಲ ಆಯಿ. ಅದನ್ನ ಮೊನ್ನೆನ ನಿಲ್ಸೇವಿ. ಹಿಂದಿಂದನ್ನ ಬಿಟ್ರ ಅದರ ಮರಳೆಲ್ಲಾ ಬಂದು ಈ ಮುಂದಿಂದರ ಮ್ಯಾಲೆ ಬೀಳತದ. ಕಟ್ಟಿದ್ರ ಸಾಲಿಗೆ ಸಾಲೇ ಕಟ್ಟಬೇಕು."

"ಮತ್ತ ಯಾವಾಗ ನಡೀತದ ಅದು?"

ನೀಲಾಂಬಿಕಾ ನಕ್ಕಳು. ತನ್ನ ಯಂತ್ರದ ಬಗ್ಗೆ ಅಷ್ಟು ಇಷ್ಟವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಇನ್ನ ನಡಿಯೂದ ಇಲ್ಲ ಆಯಿ! ನಿಮ್ಮ ಮೊಮ್ಮಗಳು ಮುದುಕಿ ಆದ್ರೂ ಅದು ಅಲ್ಲೇ ಇರತದ."

ಝೆನ್ಬು ಅಲ್ಲೇ ಮರಳಿನಲ್ಲಿ ಕುಳಿತುಬಿಟ್ಟಳು.

ಆ ಊರಿನದೊಂದು ಪದ್ಧತಿ ಇದೆ. ಅಲ್ಲಿನ ನೆಲ ಬರಿಯ ಬಂಡೆ, ಆಳವಾಗಿ ತೋಡಲಾಗದು. ಹಾಗಾಗಿ ಸತ್ತವರನ್ನು ನಡೆದು ಬರುವ ದಿಬ್ಬದ ಮುಂದೆ ಮಲಗಿಸಿ, ಮೇಲೆ ಕಲ್ಲು ಒಟ್ಟಿ ಬರುತ್ತಾರೆ. ದಿಬ್ಬ ಬಂದು ಅವರನ್ನು ಹೊದ್ದಿಸುತ್ತದೆ. ಅಲ್ಲಿಂದಾಚೆಗೆ ಅವರ ಹೆಸರನ್ನು ಯಾರೂ ಎತ್ತಕೂಡದು, ಎಲ್ಲಿ ಮಲಗಿದ್ದಾರೆಂದು ಬೆರಳು ತೋರಿಸಕೂಡದು. ವರ್ಷಗಳ ಮೇಲೆ ದಿಬ್ಬ ದಾಟಿಹೋಗಿ ಕಲ್ಲುಗಳು ಮತ್ತೆ ಬಿಸಿಲು ಕಂಡ ದಿನ, ಮನೆಯವರೆಲ್ಲ ಅಲ್ಲಿ ನಿಂತು ಆ ಹೆಸರನ್ನು ಕೂಗಿ ಕರೆದು, ಮನಸಾರೆ ಅತ್ತು, ಊಟ ಮಾಡಿ ಮನೆಗೆ ಬರುತ್ತಾರೆ. ಅಂದಿಗೆ ದುಃಖ ಮುಗಿಯಿತು. ಅಲ್ಲಿಯವರೆಗೆ ಅದು ಗಂಟಲಲ್ಲೇ ಇರಬೇಕು.

ಝೆನ್ಬುವಿನ ಗಂಟಲಲ್ಲಿ ಇದ್ದದ್ದು ಅವಳ ಒಬ್ಬನೇ ಮಗ. ಹಾವು ಕಚ್ಚಿ ಸತ್ತಾಗ ಅವನ ಹೆಂಡತಿ ಬಸುರಿ. ಹೆತ್ತ ಮೇಲೆ ಅವಳೂ ಹೆಚ್ಚು ಕಾಲ ಉಳಿಯಲಿಲ್ಲ; ತವರಿನವರು ತಮ್ಮೂರಿನಲ್ಲೇ ಮಣ್ಣು ಮಾಡಿದರು. ಉಳಿದ ಕೂಸು ಮಿನಾತು ಈಗ ಒಂಬತ್ತರ ಹುಡುಗಿ. ತಂದೆಯ ಹೆಸರೇನೆಂದು ಅವಳಿಗೆ ಗೊತ್ತಿಲ್ಲ. ಮಾತು ಬಂದಾಗಿನಿಂದ ದಿನವೂ ಅದೊಂದೇ ಕೇಳುತ್ತಾಳೆ. ದಿಬ್ಬ ದಾಟಲಿ, ನೀನೇ ಮೊದಲು ಕೂಗುವೆಯಂತೆ ಎಂದು ಅಜ್ಜಿ ಮಾತು ಕೊಟ್ಟಿದ್ದಳು. ಆ ದೊಡ್ಡ ದಿಬ್ಬದ ಬಾಲ ಅವನ ಕಲ್ಲುಗಳಿಗೆ ಇನ್ನೇನು ನಾಲ್ಕು ಹೆಜ್ಜೆ ದೂರಕ್ಕೆ ಬಂದಿತ್ತು.

"ಆಯಿ, ಏನಾತು? ನೀರು ಕುಡೀತೀರೇನು?" ನೀಲಾಂಬಿಕಾ ಪಕ್ಕದಲ್ಲಿ ಕುಕ್ಕರಿಸಿದಳು.

ಹೊರಗಿನವರ ಮುಂದೆ ಹೇಳಿದರೆ ದೋಷವಿಲ್ಲ ಎಂದು ಊರಲ್ಲಿ ಕೆಲವರ ವಾದ, ಇದೆ ಎಂದು ಕೆಲವರದು. ಝೆನ್ಬು ಯಾವ ವಾದವನ್ನೂ ನೆನೆಯದೆ, ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು.

ನೀಲಾಂಬಿಕಾಳ ಮುಖ ಸಪ್ಪಗಾಯಿತು. "ನಾ ಮನಿ ಮನಿಗೆ ಬಂದು ಕೇಳಿದ್ನಲ್ಲಾ, ಆಯಿ. ಆ ದಿಬ್ಬದ ಕೆಳಗ ಏನರ ಅದ ಏನು ಅಂತ. ಎಲ್ಲಾರೂ ಏನೂ ಇಲ್ಲ ಅಂದ್ರಿ."

"ಹಂಗ ಅನ್ನಬೇಕ್ರಿ. ನಾನೂ ಹಂಗ ಅಂದೆ. ಬಾವಿ ಮುಂದಿನ ದಿಬ್ಬ ಒಂದ ನಿಲ್ಲಸ್ತೀರಿ ಅಂತ ತಿಳದಿದ್ದೆ. ನಮ್ಮನ್ಯಾಗಿಂದು ಒಂದ ಅಲ್ಲ, ಅದರ ಕೆಳಗ ಊರಾಗಿನ ಎಷ್ಟೋ ಮಂದಿ ಅದಾರ."

"ಅದೊಂದನ್ನ ಬಿಚ್ಚತೇನಿ. ತಡಾ ಆಗತದ, ಆದ್ರ ಬಿಚ್ಚಲಿಕ್ಕೆ ಬರತದ."

ಝೆನ್ಬು ಬಾವಿಯ ಕಡೆ ನೋಡಿದಳು. ಹೆಂಗಸರು ನಗುತ್ತ ಹಗ್ಗ ಎಳೆಯುತ್ತಿದ್ದರು. "ಬಿಚ್ಚಿದ್ರ ಬಾವಿ?"

ನೀಲಾಂಬಿಕಾ ಯಂತ್ರದ ಕಡೆ ತಿರುಗಿದಳು.

"ಹೇಳ್ರಿ, ಅಕ್ಕಾರ."

"ಮುಚ್ಚತದ ಆಯಿ. ನಾಕೈದು ವರ್ಷದಾಗ." ಅವಳು ದೂರದ ದಿಬ್ಬದ ಕಡೆ ನೋಡಿದಳು. "ಕಲ್ಲಿನ ಮ್ಯಾಲಿನ ಮರಳು ಅಗಸಲೇನು? ನಾನ ನಿಂತು ಅಗಸತೇನಿ."

"ಬ್ಯಾಡ್ರಿ. ದಿಬ್ಬ ತಾನಾಗಿ ಕೊಟ್ರ ಅದು ಕೊಟ್ಟಂಗ. ನಾವು ಅಗದು ತಗದ್ರ ಕಸಗೊಂಡಂಗ ಆಗತದ." ಝೆನ್ಬು ಮಂಡಿಗೆ ಕೈಯೂರಿ ಎದ್ದಳು. "ಇರೂ ಮಂದಿಗೆ ನೀರು ಬೇಕಲ್ಲ. ಇರ್ಲಿ ಬಿಡ್ರಿ."

ಇರ್ಲಿ ಬಿಡ್ರಿ ಎಂದು ಬಾಯಲ್ಲಿ ಅಂದಷ್ಟು ಸುಲಭಕ್ಕೆ ಹೊಟ್ಟೆಯ ಸಂಕಟ ಬಿಡುತ್ತದೆಯೇ? ಊರಿನಲ್ಲಿ ಒಬ್ಬೊಬ್ಬರಿಗೇ ವಿಷಯ ಹೊಳೆಯಿತು. ಆದರೆ ಅದನ್ನು ಯಾರೂ ಯಾರ ಮುಂದೆಯೂ ಆಡುವಂತಿಲ್ಲ. ಗಂಡನನ್ನು, ಅವ್ವನನ್ನು, ಕೂಸನ್ನು ಆ ದಿಬ್ಬಕ್ಕೆ ಒಪ್ಪಿಸಿದ್ದವರು ಎದುರುಬದುರಾದರೆ ಬಿಸಿಲಿನ ಮಾತಾಡಿ ಸರಿದುಹೋಗುತ್ತಿದ್ದರು. ದೇಶದ ನಕ್ಷೆ ಮೊದಲ ಸಲ ಬದಲಾಗದಂತೆ ನಿಂತಿತು. ರಾಜಧಾನಿಯಿಂದ ಬಂದ ಮಂತ್ರಿ ಹಾರ ಹಾಕಿ ಭಾಷಣ ಮಾಡಿಹೋದ. ನೀಲಾಂಬಿಕಾಳಿಗೆ ಮಾತ್ರ ಅನ್ನ ಸೇರಲಿಲ್ಲ.

ಊರಿಗೆ ಹೊರಡುವ ದಿನ ಬೆಳಿಗ್ಗೆ ಅವಳು ಝೆನ್ಬುವಿನ ಮನೆಗೆ ಬಂದಳು. ಅಂಗಳದಲ್ಲಿ ಮಿನಾತು ಖರ್ಜೂರದ ಗರಿ ಸೀಳುತ್ತಿದ್ದಳು. ಅಜ್ಜಿ ಚಹಾ ಕೊಟ್ಟಳು, ಸಕ್ಕರೆ ಸಾಕೇ ಎಂದು ಕೇಳಿದಳು. ಆಮೇಲೆ ಬಗ್ಗಿ, ನೀಲಾಂಬಿಕಾಳ ಕಿವಿಯಲ್ಲಿ ಒಂದು ಹೆಸರು ಹೇಳಿದಳು. ಆ ಹೆಸರನ್ನು ಇಲ್ಲಿ ಬರೆಯುವುದು ನಮಗೂ ತರವಲ್ಲ.

"ನೀವು ನಮ್ಮೂರಿನವರಲ್ಲ. ನಮ್ಮ ಕಟ್ಟು ನಿಮಗಿಲ್ಲ," ಎಂದಳು. ಮೊಮ್ಮಗಳ ಕಡೆ ಒಮ್ಮೆ ನೋಡಿ, "ನಾ ಆಡು ಹಿಂಡಿಕೊಂಡು ಬರತೇನಿ," ಎಂದು ಪಾತ್ರೆ ಹಿಡಿದು ಗೋಡೆಯ ಆಚೆ ಹೋದಳು.

ಅವಳು ಆಡು ಹಿಂಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತಳು. ನೀಲಾಂಬಿಕಾ ಹುಡುಗಿಯನ್ನು ಹತ್ತಿರ ಕರೆದದ್ದು ಕೇಳಿಸಿತು. ಆಮೇಲೆ ಮಗನ ಹೆಸರು ಕೇಳಿಸಿತು. ಪರದೇಶದ ಬಾಯಿಯಾದರೇನು, ಇಷ್ಟು ವರ್ಷಗಳ ಮೇಲೆ ಗಾಳಿಯಲ್ಲಿ ಆ ಹೆಸರು! ಇನ್ನು ಮಿನಾತು ಕೂಗುತ್ತಾಳೆ, ನಾನು ತಡೆಯುವುದಿಲ್ಲ, ಊರವರು ಏನಾದರೂ ಅಂದುಕೊಳ್ಳಲಿ ಎಂದು ಝೆನ್ಬು ಕಾದಳು. ಒಂದು ಸಲ ಅವನ ಮಗಳ ಬಾಯಲ್ಲಿ ಆ ಹೆಸರು ಕೇಳಿಬಿಟ್ಟರೆ ಸಾಕಿತ್ತು ಅವಳಿಗೆ.

ಅಂಗಳದಲ್ಲಿ ಸದ್ದಿಲ್ಲ. ತಡೆಯಲಾರದೆ ಗೋಡೆಯ ಬಿರುಕಿಗೆ ಕಣ್ಣಿಟ್ಟಳು. ಮಿನಾತುವಿನ ತುಟಿಗಳು ಅಲುಗುತ್ತಿದ್ದವು. ಕೂಸು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿತು. ದಿಬ್ಬ ಕೊಡದ ಹೆಸರನ್ನು ಎತ್ತಕೂಡದು ಎಂದು ಅದಕ್ಕೆ ಹೇಳಿಕೊಟ್ಟವಳು ಅಜ್ಜಿಯೇ. ಎಷ್ಟು ಚೆನ್ನಾಗಿ ಬೆಳೆಸಿದ್ದೀ ಎಂದು ಊರೆಲ್ಲ ಹೊಗಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಹುಡುಗಿ ಗೋಡೆಯ ಆಚೆ ಬಂದಳು. ಕಣ್ಣು ಕೆಂಪಾಗಿದ್ದವು. ಅಜ್ಜಿಯ ಕೈಯಿಂದ ಖಾಲಿ ಪಾತ್ರೆ ತೆಗೆದುಕೊಂಡಳು. ದಿನಾ ಕೇಳುತ್ತಿದ್ದುದನ್ನು ಅಂದು ಕೇಳಲಿಲ್ಲ.

"ಆಯಿ, ನೀ ಕುಂದ್ರು," ಎಂದಳು. "ಆಡು ನಾ ಹಿಂಡತೇನಿ."