ದಾರ ಮುಗಿಯುವವರೆಗೆ

ಆ ಹಳೇ ಟ್ಯಾಬಿಗೆ ನಾನು ತೆತ್ತದ್ದು ಇನ್ನೂರು ಅಂಗಿಗೆ ಕಾಜಾ ಹೊಲಿದ ಕೂಲಿ. ಅಷ್ಟು ಸುರಿದು ತಂದ ಮೇಲೆ ಅದರ ಲಗಾಮು ನನ್ನ ಕೈಯಲ್ಲೇ ಇರಬೇಕಲ್ಲ? ಮಗಳಿಗೆ ಒಂದೇ ಕಟ್ಟಳೆ: ನನ್ನ ಹೊಲಿಗೆ ಮಿಷನ್ನಿನ ಬಾಬಿನ್‌ನಲ್ಲಿ ದಾರ ಇರುವವರೆಗೆ ನೋಡಬಹುದು. ದಾರ ಮುಗಿದರೆ ಟ್ಯಾಬ್ ಕಬ್ಬಿಣದ ಬೀರುವಿಗೆ, ಬೀಗದ ಕೈ ನನ್ನ ಸೊಂಟಕ್ಕೆ.

ಅವತ್ತು ಮಧ್ಯಾಹ್ನ ದಾರ ಮುಗಿಯಿತು. ಟ್ಯಾಬ್ ಆಫ್ ಮಾಡಿ, ಬೀಗ ಹಾಕಿ, ಒಣಗಿದ ಬಟ್ಟೆ ತರಲು ಮಹಡಿಗೆ ಹೋದೆ. ಇಳಿದು ಬಂದಾಗ ಮಗಳು ಬೀರುವಿನ ಬಾಗಿಲಿಗೆ ಕೆನ್ನೆಯೊತ್ತಿ ಕೂತು ನಗುತ್ತಿದ್ದಳು.

"ಏನೇ ಅದು?"

"ನೀನೇ ಹೇಳ್ದೆಯಲ್ಲಮ್ಮ, ದಾರ ಇನ್ನೂ ಇದೆ ಅಂತ."

ಅಷ್ಟರಲ್ಲಿ ಬೀರುವಿನೊಳಗಿಂದ ನನ್ನದೇ ದನಿ ಬಂತು, ನನಗಿಂತ ನಯವಾಗಿ: "ಇದೆ ಪುಟ್ಟಿ, ನೋಡ್ತಾ ಇರು."

ಬಾಗಿಲು ಮುಟ್ಟಿದರೆ ಇಸ್ತ್ರಿಪೆಟ್ಟಿಗೆಯಂತೆ ಬಿಸಿ. ಮಗಳನ್ನು ಪಕ್ಕಕ್ಕೆ ಎಳೆದೆ. "ಯಾರೇ ನೀನು? ಇವಳನ್ನ ಹೆತ್ತೋಳು ನಾನು. ಈ ಮನೇಲಿ ಸಾಕು ಅನ್ನೋಳೂ ನಾನೇ!" ಎಂದು ಗುದ್ದಿ ಬೀಗ ತೆಗೆದೆ. ಟ್ಯಾಬ್ ಆಫ್ ಆಗಿಯೇ ಇತ್ತು, ಮಂಜುಗಡ್ಡೆಯಂತೆ ತಣ್ಣಗೆ. ಮಿಷನ್ ನೋಡಿದರೆ, ಖಾಲಿಯಾಗಿದ್ದ ಬಾಬಿನ್ ಭರ್ತಿ ತುಂಬಿತ್ತು. ಅಂಥ ಬೂದು ದಾರ ನಾನು ಕೊಂಡವಳೇ ಅಲ್ಲ. ಮಗಳ ಕಣ್ಣೆದುರೇ ಅದನ್ನು ಒಲೆಗೆ ಹಾಕಿದೆ.

ಟ್ಯಾಬ್ ಮಾರಲಿಲ್ಲ, ಹೆದರಿ ಮಾರಿದಳು ಅನ್ನಿಸಿಕೊಳ್ಳಲು ನಾನು ತಯಾರಿಲ್ಲ. ಕಟ್ಟಳೆ ಇವತ್ತಿಗೂ ನನ್ನದೇ ನಡೆಯುತ್ತದೆ, ಅದು ಗಳಿಸಿದ್ದು. ಕಳೆದುಕೊಂಡದ್ದೂ ಒಂದಿದೆ. "ಸಾಕು ಬಾರೇ" ಎಂದು ಕರೆದರೆ ಮಗಳು ಮೊದಲಿನಂತೆ ಓಡಿ ಬರುವುದಿಲ್ಲ. ಬಾಗಿಲಲ್ಲಿ ನಿಂತು, ಇನ್ನೊಮ್ಮೆ ಕರೆಸಿಕೊಂಡು, ನನ್ನ ತುಟಿ ಅಲ್ಲಾಡುತ್ತದೆಯೇ ಎಂದು ನೋಡಿ, ಆಮೇಲೆ ಬರುತ್ತಾಳೆ.